ಒಂದು ವಾಕ್ಯ, 349 ದಿನ: ಅಟಾರ್ನಿ ಜನರಲ್ ಸಮ್ಮತಿಯ ಒಂದು ಪ್ರಕರಣ ಅಧ್ಯಯನ

ಭಾಷಣ ನಡೆದದ್ದು 38 ನಿಮಿಷ. ಅದರಲ್ಲಿ ಕೋರ್ಟುಗಳ ಮಾತು ಬಂದದ್ದು ನಾಲ್ಕು ನಿಮಿಷ. ಹನ್ನೊಂದು ತಿಂಗಳ ಓಡಾಟದ ನಂತರ ನ್ಯಾಯಾಂಗ ನಿಂದನೆಯ ಅರ್ಜಿಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಒಂದೇ ವಾಕ್ಯ. ಈ ಪ್ರಕರಣದಲ್ಲಿ ಕೊನೆಗೆ ಏನಾಯಿತು ಎನ್ನುವುದಕ್ಕಿಂತ ನಡುವಿನ ಎರಡು ತಿರುವುಗಳು ಮುಖ್ಯ. ದೇಶದ ಅತ್ಯುನ್ನತ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಯಾವಾಗ ಸರ್ಕಾರದ ವಕೀಲ, ಯಾವಾಗ ಅಲ್ಲ ಎಂಬ ಪ್ರಶ್ನೆ ಎದ್ದದ್ದು ಅಲ್ಲಿ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದೆ. ದಿನಾಂಕಗಳ ಬದಲು ಭಾಷಣದ ದಿನದಿಂದ ಎಣಿಸಿದ ದಿನಗಳನ್ನು ಕೊಟ್ಟಿದೆ.

ಭಾಷಣ ಮತ್ತು ದೂರು

ಭಾಷಣಕಾರರು ಹಿರಿಯ ಹುದ್ದೆಯಿಂದ ನಿವೃತ್ತರಾಗಿ ಸಾರ್ವಜನಿಕ ಜೀವನಕ್ಕೆ ಬಂದವರು. ಬಹಿರಂಗ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡುತ್ತ ಮೂರು ವಿಷಯ ಹೇಳಿದರು. ಒಂದು, ಸುಪ್ರೀಂ ಕೋರ್ಟಿನ ಇತ್ತೀಚಿನ ಒಂದು ತೀರ್ಪು ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದರು. ಎರಡು, ಆ ತೀರ್ಪು ಕೊಟ್ಟ ಪೀಠದ ಬಗ್ಗೆ, 'ಅವರ ಮುಂದೆ ವಾದ ಮಾಡೋದು ದಂಡ, ತೀರ್ಪಿಗೆ ಮೊದಲೇ ರೇಟು ಗೊತ್ತಾಗಿರುತ್ತೆ' ಎಂದರು. ಮೂರು, ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕೇಸುಗಳನ್ನು ಮುಂದೂಡುತ್ತಲೇ ಇರುತ್ತಾರೆ ಎಂದು ಗೇಲಿ ಮಾಡಿದರು. ಸಭೆಯಾಗಿ ಮೂರು ದಿನಕ್ಕೆ ಪೂರ್ತಿ ವಿಡಿಯೊ ಇಂಟರ್‌ನೆಟ್ಟಿಗೆ ಏರಿತು. ಅದರಿಂದ ಕತ್ತರಿಸಿದ 54 ಸೆಕೆಂಡಿನ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿಯಿತು.

ವೃತ್ತಿಯಲ್ಲಿದ್ದ ವಕೀಲರೊಬ್ಬರಿಗೆ ಇದು ನ್ಯಾಯಾಂಗ ನಿಂದನೆ ಎನಿಸಿತು. ಅವರನ್ನು ಇಲ್ಲಿ ದೂರುದಾರರು ಎನ್ನೋಣ. ಅವರ ಕೈಯಲ್ಲಿದ್ದದ್ದು ಒಂದು ವರ್ಷ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 20ರ ಪ್ರಕಾರ, ನಿಂದನೆ ನಡೆದಿದೆಯೆನ್ನಲಾದ ದಿನದಿಂದ ಒಂದು ವರ್ಷ ಕಳೆದ ಮೇಲೆ ಕೋರ್ಟು ಕ್ರಮ ಆರಂಭಿಸುವಂತಿಲ್ಲ. ಗಡುವಿನೊಳಗೆ ಅರ್ಜಿ ಸಲ್ಲಿಸಿದರೆ ಸಾಕೋ, ಅಷ್ಟರೊಳಗೆ ನೋಟಿಸೂ ಹೊರಡಬೇಕೋ ಎಂಬ ಗೊಂದಲವನ್ನು 2001ರ ಪಲ್ಲವ್ ಶೇಠ್ ತೀರ್ಪು ಬಗೆಹರಿಸಿದೆ: ಅರ್ಜಿ ಸಲ್ಲಿಸಿದರೆ ಸಾಕು. ಆದರೆ ಕೋರ್ಟೂ ಅಲ್ಲದ, ಕಾನೂನು ಅಧಿಕಾರಿಯೂ ಅಲ್ಲದ ಮೂರನೆಯವರು ಅರ್ಜಿ ಸಲ್ಲಿಸಲು ಬೇಕಾದ ಅಧಿಕಾರಿಯ ಸಮ್ಮತಿಗಾಗಿ ಕಾದ ದಿನಗಳನ್ನು ಈ ಲೆಕ್ಕದಿಂದ ಕಳೆಯಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಸಮ್ಮತಿ ಯಾರದ್ದು, ಏಕೆ

ಸೆಕ್ಷನ್ 15ರ ಪ್ರಕಾರ ಕ್ರಿಮಿನಲ್ ನಿಂದನೆಯ ವಿಚಾರಣೆ ಮೂರು ದಾರಿಯಲ್ಲಿ ಶುರುವಾಗಬಹುದು. ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಬಹುದು, ಕಾನೂನು ಅಧಿಕಾರಿ ಅರ್ಜಿ ಹಾಕಬಹುದು, ಇಲ್ಲವೇ ಆ ಅಧಿಕಾರಿಯ ಲಿಖಿತ ಸಮ್ಮತಿ ಪಡೆದು ಬೇರೆ ಯಾರಾದರೂ ಹಾಕಬಹುದು. ಹೈಕೋರ್ಟಿನ ಮಟ್ಟಿಗೆ ಆ ಅಧಿಕಾರಿ ರಾಜ್ಯದ ಅಡ್ವೊಕೇಟ್ ಜನರಲ್. ಸುಪ್ರೀಂ ಕೋರ್ಟಿನ ಮಟ್ಟಿಗೆ ಅಟಾರ್ನಿ ಜನರಲ್ ಅಥವಾ ಅವರ ನಂತರದ ಸ್ಥಾನದ ಸಾಲಿಸಿಟರ್ ಜನರಲ್. ಈ 'ಅಥವಾ' ಎಂಬ ಪದ ಮುಂದೆ ಕೆಲಸಕ್ಕೆ ಬರುತ್ತದೆ.

ಈ ಜರಡಿಯ ಮೂಲ ಎಚ್.ಎನ್. ಸಾನ್ಯಾಲ್ ಸಮಿತಿಯ ವರದಿಯಲ್ಲಿದೆ. ನಿಂದನೆ ಕಾನೂನನ್ನು ಪರಿಶೀಲಿಸಲು 1961ರಲ್ಲಿ ನೇಮಕಗೊಂಡ ಸಮಿತಿ 1963ರಲ್ಲಿ ವರದಿ ಕೊಟ್ಟಿತು. ಸಿಟ್ಟಿಗೆ, ಹಗೆಗೆ, ಪ್ರಚಾರಕ್ಕೆ ಹಾಕುವ ಅರ್ಜಿಗಳು ನೇರವಾಗಿ ನ್ಯಾಯಮೂರ್ತಿಗಳ ಮೇಜಿಗೆ ಬರಬಾರದು, ಜವಾಬ್ದಾರಿಯುತ ಕಾನೂನು ಅಧಿಕಾರಿಯೊಬ್ಬರು ಮೊದಲು ನೋಡಬೇಕು ಎಂಬುದು ಅದರ ಹಿಂದಿನ ಯೋಚನೆ. ತಮ್ಮ ಗೌರವಕ್ಕೆ ಧಕ್ಕೆ ಬಂದಿದೆಯೇ ಎಂದು ನ್ಯಾಯಮೂರ್ತಿಗಳೇ ಮೊದಲ ಹಂತದಲ್ಲಿ ತೀರ್ಮಾನಿಸುವ ಮುಜುಗರವೂ ಇದರಿಂದ ತಪ್ಪುತ್ತದೆ.

ಹಾಗಾದರೆ ಆ ಅಧಿಕಾರಿ ಎಂಥವರು? ಸಂವಿಧಾನದ 76ನೇ ವಿಧಿಯಂತೆ ಅಟಾರ್ನಿ ಜನರಲ್‌ರನ್ನು ರಾಷ್ಟ್ರಪತಿ ನೇಮಿಸುತ್ತಾರೆ, ರಾಷ್ಟ್ರಪತಿಯ ಇಚ್ಛೆ ಇರುವವರೆಗೆ ಅವರು ಹುದ್ದೆಯಲ್ಲಿರುತ್ತಾರೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ಅವಧಿ ಇಷ್ಟೇ ಎಂದು ಸಂವಿಧಾನ ಹೇಳಿಲ್ಲ. ದೇಶದ ಎಲ್ಲ ಕೋರ್ಟುಗಳಲ್ಲೂ ವಾದಿಸುವ ಹಕ್ಕಿದೆ. 88ನೇ ವಿಧಿಯಂತೆ ಸಂಸತ್ತಿನ ಎರಡೂ ಸದನಗಳಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಇದೇ ಹೆಸರಿನ ಹುದ್ದೆಯವರು ಆಡಳಿತ ಪಕ್ಷದ ರಾಜಕಾರಣಿಯೂ ಹೌದು, ಸರ್ಕಾರದ ಭಾಗವೂ ಹೌದು. ಇಲ್ಲಿ ಅವರು ಮಂತ್ರಿಯಲ್ಲ.

ಹುದ್ದೆಯ ಬೇರು ಗಣರಾಜ್ಯಕ್ಕಿಂತ ಹಳೆಯದು. 1935ರ ಭಾರತ ಸರ್ಕಾರ ಕಾಯ್ದೆಯ ಸೆಕ್ಷನ್ 16 'ಅಡ್ವೊಕೇಟ್ ಜನರಲ್' ಹುದ್ದೆಯನ್ನು ಹುಟ್ಟುಹಾಕಿತು. 1937ರಲ್ಲಿ ಫೆಡರಲ್ ಕೋರ್ಟ್ ಆರಂಭವಾದಾಗ ಬ್ರಜೇಂದ್ರ ಮಿಟ್ಟರ್ ಆ ಸ್ಥಾನದಲ್ಲಿದ್ದರು. 1950ರಲ್ಲಿ ಹೆಸರು ಬದಲಾಗಿ ಎಂ.ಸಿ. ಸೆಟಲ್‌ವಾಡ್ ಮೊದಲ ಅಟಾರ್ನಿ ಜನರಲ್ ಆದರು. 1963ರವರೆಗೆ ಅವರೇ ಇದ್ದರು. ಅಷ್ಟು ದೀರ್ಘ ಕಾಲ ಆ ಕುರ್ಚಿಯಲ್ಲಿ ಮತ್ತೆ ಯಾರೂ ಕೂತಿಲ್ಲ.

ಸರ್ಕಾರದ ಪರ ವಾದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ತುರ್ತು ಪರಿಸ್ಥಿತಿ ಕಾಲದ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ) ಪ್ರಕರಣವನ್ನು ನೆನೆಯಬೇಕು. ಪೊಲೀಸನೊಬ್ಬ ದ್ವೇಷದಿಂದ ಯಾರದಾದರೂ ಜೀವ ತೆಗೆದರೆ ಪರಿಹಾರ ಉಂಟೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ಸರ್ಕಾರದ ವಾದವನ್ನು ಒಪ್ಪಿದರೆ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೆ ಉತ್ತರಿಸಿದರು. ಕಕ್ಷಿದಾರನ ನಿಲುವನ್ನು ಕೊನೆಯ ಹೆಜ್ಜೆಯವರೆಗೂ ಹೊರುವ ವಕೀಲನ ಉತ್ತರ ಅದು. ಸೆಕ್ಷನ್ 15ರ ಸಮ್ಮತಿಯ ಕೆಲಸದಲ್ಲಿ ಅದೇ ವ್ಯಕ್ತಿ ಆ ಕಕ್ಷಿದಾರನನ್ನು ಬಾಗಿಲ ಹೊರಗೆ ನಿಲ್ಲಿಸಬೇಕಾಗುತ್ತದೆ. 1987ರ ಕಾನೂನು ಅಧಿಕಾರಿಗಳ ಸೇವಾ ಷರತ್ತು ನಿಯಮಗಳ ಪ್ರಕಾರ, ಒಂದು ಸಚಿವಾಲಯಕ್ಕೆ ಅಟಾರ್ನಿ ಜನರಲ್ ಸಲಹೆ ಬೇಕಿದ್ದರೆ ಕಾನೂನು ಸಚಿವಾಲಯದ ಮೂಲಕವೇ ಬರಬೇಕು. ಸಮ್ಮತಿ ಕೇಳುವ ಪತ್ರಕ್ಕೆ ಆ ದಾರಿ ಇಲ್ಲ. ಸಾಮಾನ್ಯ ನಾಗರಿಕ ನೇರವಾಗಿ ಬರೆಯುತ್ತಾನೆ, ನೇರವಾಗಿ ಉತ್ತರ ಪಡೆಯುತ್ತಾನೆ.

ಮೊದಲ ಇನ್ನೂರು ದಿನ ಹೋದದ್ದು ಹೇಗೆ

40ನೇ ದಿನ ದೂರುದಾರರು ರಾಜ್ಯದ ಅಡ್ವೊಕೇಟ್ ಜನರಲ್‌ಗೆ ಬರೆದರು. ಸಭೆ ರಾಜ್ಯದಲ್ಲಿ ನಡೆದದ್ದರಿಂದ ರಾಜ್ಯದ ಅಧಿಕಾರಿಯೇ ಸರಿ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿತ್ತು. ಮಾತು ಎಲ್ಲಿ ಆಡಿದರು ಎಂಬುದು ಇಲ್ಲಿ ನಿರ್ಣಾಯಕವಲ್ಲ, ಯಾವ ಕೋರ್ಟಿಗೆ ತಾಗಿತು ಎಂಬುದು ನಿರ್ಣಾಯಕ. 118ನೇ ದಿನ ಉತ್ತರ ಬಂತು: ಮುಖ್ಯ ಆರೋಪ ಸುಪ್ರೀಂ ಕೋರ್ಟಿನ ಪೀಠದ ಮೇಲಿದೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಎರಡನೇ ತಪ್ಪು ಇನ್ನೂ ದುಬಾರಿಯಾಯಿತು. ಸಮ್ಮತಿ ಎನ್ನುವುದು ಬರೀ ಶಾಸ್ತ್ರ, ವಿಷಯ ಗಂಭೀರವಾಗಿದ್ದರೆ ಕೋರ್ಟು ಮನ್ನಿಸುತ್ತದೆ ಎಂದುಕೊಂಡು 131ನೇ ದಿನ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿಸಿದರು. ಅರ್ಜಿಗಳನ್ನು ಪರಿಶೀಲಿಸುವ ಕೋರ್ಟಿನ ಕಚೇರಿಯಾದ ರಿಜಿಸ್ಟ್ರಿ ಆಕ್ಷೇಪಣೆ ಎತ್ತಿತು: ಸಮ್ಮತಿ ಪತ್ರ ಲಗತ್ತಿಸಿಲ್ಲ. ಇದು ಪುಟಸಂಖ್ಯೆ, ಸಹಿಯಂಥ ತಿದ್ದಬಹುದಾದ ದೋಷವಲ್ಲ. ಬಾಳ್ ಠಾಕ್ರೆ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ವಿಧಿಸಿದ್ದ ಶಿಕ್ಷೆಯನ್ನೇ ಸಮ್ಮತಿ ಇರಲಿಲ್ಲವೆಂಬ ಕಾರಣಕ್ಕೆ ರದ್ದು ಮಾಡಿತ್ತು. ವಾದಿಸುತ್ತ, ತಿದ್ದುತ್ತ, ಕಾಯುತ್ತ 209ನೇ ದಿನ ಅರ್ಜಿ ವಾಪಸ್ ಪಡೆದರು.

214ನೇ ದಿನ ಅಟಾರ್ನಿ ಜನರಲ್ ಕಚೇರಿಗೆ 61 ಪುಟಗಳ ಪತ್ರ ಹೋಯಿತು. ಅದರಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದನ್ನು ನೋಡಬೇಕು. ಪೂರ್ತಿ ಭಾಷಣ ಇರಲಿಲ್ಲ, 54 ಸೆಕೆಂಡಿನ ತುಣುಕು ಮಾತ್ರ ಇತ್ತು. ಸ್ಕ್ರೀನ್‌ಶಾಟುಗಳಿದ್ದವು, ಅವು ಯಾವ ವಿಳಾಸದಿಂದ ಯಾವ ದಿನ ತೆಗೆದವು ಎಂದು ಬರೆದಿರಲಿಲ್ಲ. ಇಂಗ್ಲಿಷ್ ಅನುವಾದಕ್ಕೆ ಯಾರ ಸಹಿಯೂ ಇರಲಿಲ್ಲ. ಮೇಲಾಗಿ ಆ ಅನುವಾದ 'ವಾದ ಮಾಡೋದು ದಂಡ' ಎಂಬಲ್ಲಿ ಎಡವಿತ್ತು. ಕನ್ನಡ ಬಲ್ಲವರಿಗೆ ಅದು 'ವ್ಯರ್ಥ' ಎಂಬ ಅರ್ಥದ ಮಾತು. ಅನುವಾದಕರು ಅದನ್ನು ಜುಲ್ಮಾನೆ ಎಂಬ ಅರ್ಥದಲ್ಲಿ ಹಾಕಿದ್ದರು. ಆ ಪೀಠದ ಮುಂದೆ ವಾದ ಮಾಡಿದರೆ ಹಣ ವಸೂಲಿ ಮಾಡುತ್ತಾರೆ ಎಂದು ಓದಿಸುವ ವಾಕ್ಯ ಆಗಿಬಿಟ್ಟಿತ್ತು. ಆಡಿದ ಮಾತಿಗಿಂತ ಅನುವಾದ ಕಟುವಾಗಿದೆ ಎಂದು ಒಮ್ಮೆ ಗೊತ್ತಾದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ.

ಮೂರೂ ಹೇಳಿಕೆಗಳಿಗೆ ಒಟ್ಟಾಗಿ ಸಮ್ಮತಿ ಕೇಳಿದ್ದು ಎಲ್ಲಕ್ಕಿಂತ ದೊಡ್ಡ ದೋಷ. ಆರೋಪಿ ಯಾವ ನಿಂದನೆ ಮಾಡಿದ್ದಾನೆಂದು ಅರ್ಜಿಯಲ್ಲಿ ನಿರ್ದಿಷ್ಟವಾಗಿ ಹೇಳಲೇಬೇಕು ಎಂದು ಸೆಕ್ಷನ್ 15ರ ಮೂರನೇ ಉಪಸೆಕ್ಷನ್ ಹೇಳುತ್ತದೆ. 61 ಪುಟಗಳಲ್ಲಿ ಅದೊಂದು ಸಾಲು ಸಿಗುತ್ತಿರಲಿಲ್ಲ.

262ನೇ ದಿನ ಒಂದೂವರೆ ಪುಟದ ನಿರಾಕರಣೆ ಬಂತು. ತೀರ್ಪಿನ ಟೀಕೆಗೆ ಸೆಕ್ಷನ್ 5ರ (ನ್ಯಾಯಯುತ ಟೀಕೆ ನಿಂದನೆಯಲ್ಲ) ರಕ್ಷಣೆ ಇದೆ, ಹೈಕೋರ್ಟ್ ಕುರಿತ ಮಾತು ಈ ಕಚೇರಿಗೆ ಸಂಬಂಧಿಸಿದ್ದಲ್ಲ, ತುಣುಕಿನಿಂದ ಸಂದರ್ಭ ತಿಳಿಯುವುದಿಲ್ಲ, ಆದ್ದರಿಂದ ಸಮ್ಮತಿ ಇಲ್ಲ ಎಂದಿತ್ತು.

ಮೊದಲ ತಿರುವು

ನಿರಾಕರಣೆ ಬಂದೊಡನೆ ದೂರುದಾರರು ಅದನ್ನು ಪತ್ರಿಕೆಗಳಿಗೆ ಕೊಟ್ಟರು. ಒಳಗೆ ಯಾರದೋ ಒತ್ತಡ ಇದೆ ಎಂಬ ಮಾತೂ ಆಡಿದರು. ನ್ಯಾಯಾಂಗದ ಗೌರವ ಕಾಪಾಡುತ್ತೇನೆಂದು ಹೊರಟವರು ಕಾನೂನು ಅಧಿಕಾರಿಯ ಉದ್ದೇಶವನ್ನೇ ಶಂಕಿಸಿ ಮಾತನಾಡುವುದು ಚೆನ್ನಾಗಿ ಕಾಣುವುದಿಲ್ಲ. ಮುಂದೆ ಎದುರು ಪಕ್ಷ ಆ ಪತ್ರಿಕಾ ತುಣುಕುಗಳನ್ನೇ ಕೋರ್ಟಿನ ಮುಂದಿಟ್ಟಿತು.

ಅವರ ಜೂನಿಯರ್ ಒಬ್ಬರು ನಿರಾಕರಣೆಯನ್ನು ಸಾಲು ಸಾಲಾಗಿ ಓದಿದರು. ಮೊದಲ ಹೇಳಿಕೆಗೆ ಕಾರಣ ಕೊಟ್ಟಿದ್ದಾರೆ, ಮೂರನೆಯದಕ್ಕೂ ಕೊಟ್ಟಿದ್ದಾರೆ. ಎರಡನೆಯದರ ಬಗ್ಗೆ ಹೇಳಿದ್ದು 'ಸಂದರ್ಭ ತಿಳಿಯುವುದಿಲ್ಲ' ಎಂದಷ್ಟೇ. 'ರೇಟು ಗೊತ್ತಾಗಿರುತ್ತೆ' ಎಂಬ ಮಾತು ನಿಂದನೆಯಲ್ಲ ಎಂದು ಎಲ್ಲೂ ಇರಲಿಲ್ಲ. ಸೋತದ್ದು ಪತ್ರ, ವಿಷಯವಲ್ಲ.

ಈಗ ಎರಡು ದಾರಿ ಕಂಡವು. ಅಟಾರ್ನಿ ಜನರಲ್ ಒಲ್ಲೆ ಎಂದರೆ ಸಾಲಿಸಿಟರ್ ಜನರಲ್‌ರನ್ನು ಕೇಳೋಣ ಎಂಬುದು ಒಂದು. ಕಾಯ್ದೆಯ 'ಅಥವಾ' ಅದನ್ನು ತಡೆಯುವುದಿಲ್ಲ. ಆದರೆ ಅಪ್ಪ ಬೇಡವೆಂದದ್ದಕ್ಕೆ ಅಮ್ಮನ ಹತ್ತಿರ ಹೋದ ಹಾಗೆ ಅದು, ಎರಡೂ ಕಚೇರಿಗಳಿಗೆ ರುಚಿಸುವುದಿಲ್ಲ. ಹೊಸ ಸಾಮಗ್ರಿ ಇಟ್ಟುಕೊಂಡು, ಹಿಂದಿನ ನಿರಾಕರಣೆಯನ್ನು ಮುಚ್ಚಿಡದೆ, ಅದೇ ಅಧಿಕಾರಿಗೆ ಮತ್ತೆ ಬರೆಯುವುದು ಇನ್ನೊಂದು. ದೂರುದಾರರು ಎರಡನೆಯದನ್ನು ಆರಿಸಿದರು. ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಮೊದಲ ಸರಿಯಾದ ತೀರ್ಮಾನ ಅದು.

ಆರು ಪುಟ

283ನೇ ದಿನದ ಪತ್ರ ಆರು ಪುಟದ್ದು. ಮೊದಲ ಪ್ಯಾರಾದಲ್ಲೇ ಆ ಒಂದು ವಾಕ್ಯ, ಕನ್ನಡದಲ್ಲಿ, ಆಡಿದ ಹಾಗೆಯೇ ಇತ್ತು. ಅದರ ಕೆಳಗೆ ಅನುವಾದ. 'ದಂಡ' ಎಂಬ ಪದಕ್ಕೆ ಎರಡು ಅರ್ಥಗಳಿವೆ, ಇಲ್ಲಿ 'ವ್ಯರ್ಥ' ಎಂಬುದೇ ಸರಿ ಎಂದು ಅನುವಾದಕರು ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿದ್ದರು. ದೂರಿಗೆ ಅನುಕೂಲವಲ್ಲದ ಅರ್ಥವನ್ನು ತಾವಾಗಿಯೇ ಒಪ್ಪಿಕೊಂಡದ್ದು ಆರು ಪುಟಗಳಲ್ಲಿ ಎಲ್ಲಕ್ಕಿಂತ ತೂಕದ ಸಾಲಾಯಿತು.

ಪೂರ್ತಿ 38 ನಿಮಿಷದ ವಿಡಿಯೊ ಪೆನ್‌ಡ್ರೈವಿನಲ್ಲಿ ಹೋಯಿತು. ವಾಕ್ಯ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಬರುತ್ತದೆ, ಅದರ ಹಿಂದಿನ ಮತ್ತು ಮುಂದಿನ ಎರಡೆರಡು ನಿಮಿಷದಲ್ಲಿ ಏನಿದೆ ಎಂಬ ಲಿಖಿತ ಪ್ರತಿ ಜೊತೆಗಿತ್ತು. ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರವೂ ಇತ್ತು (ಹಿಂದೆ ಇದು ಸಾಕ್ಷ್ಯ ಕಾಯ್ದೆಯ 65-ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63). ಯಾವ ನಿಂದನೆ ಎಂಬ ಪ್ರಶ್ನೆಗೆ ಒಂದೇ ಉತ್ತರ: ಸೆಕ್ಷನ್ 2(ಸಿ)ಯ ಮೊದಲ ಭಾಗ, ಅಂದರೆ ಕೋರ್ಟಿಗೆ ಕಳಂಕ ತರುವ ಮಾತು. ಮೊದಲ ಮತ್ತು ಮೂರನೇ ಹೇಳಿಕೆಗಳನ್ನು ಕೈಬಿಟ್ಟಿದ್ದೇವೆ ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದು ವರ್ಷದ ಗಡುವು ಮುಗಿಯುವ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿತ್ತು. ಆ ದಿನಾಂಕವನ್ನು ವಿಡಿಯೊ ಏರಿದ ದಿನದಿಂದ ಎಣಿಸದೆ ಮೂರು ದಿನ ಮುಂಚಿನ ಸಭೆಯ ದಿನದಿಂದ ಎಣಿಸಿದ್ದೂ ಜಾಣತನವೇ. ಯಾವುದು ಮೊದಲೋ ಅದನ್ನು ಹಿಡಿದರೆ ವಾದಕ್ಕೆ ಎಡೆಯಿರುವುದಿಲ್ಲ.

ಎರಡನೇ ತಿರುವು ಐದನೇ ಪುಟದಲ್ಲಿತ್ತು. ಭಾಷಣಕಾರರು ಟೀಕಿಸಿದ ತೀರ್ಪಿನಲ್ಲಿ ಕೇಂದ್ರ ಸರ್ಕಾರ ಗೆದ್ದಿತ್ತು. ಕೇಂದ್ರದ ಪರ ವಾದಿಸಿದವರು ಸ್ವತಃ ಅಟಾರ್ನಿ ಜನರಲ್. 'ತೀರ್ಪಿಗೆ ಮೊದಲೇ ರೇಟು' ಎಂಬ ಮಾತು ಪೀಠದ ಮೇಲಿನ ಆರೋಪ ಹೌದು, ಆದರೆ ದುಡ್ಡು ಕೊಟ್ಟವರು ಯಾರು ಎಂದು ಯೋಚಿಸಿದರೆ ಗೆದ್ದವರ ಕಡೆಗೂ ಬೆರಳು ತಿರುಗುತ್ತದೆ. ಅಟಾರ್ನಿ ಜನರಲ್ ಸಮ್ಮತಿ ಕೊಟ್ಟರೆ ತಮ್ಮ ಕಕ್ಷಿದಾರನ ಪರ ಸೇಡು ತೀರಿಸಿಕೊಂಡರು ಎನ್ನುತ್ತಾರೆ. ಕೊಡದಿದ್ದರೆ ಕೋರ್ಟಿನಲ್ಲಿ ವಿಷಯ ಕೆದಕುವುದು ಬೇಡವೆಂದು ಹಿಂದೆ ಸರಿದರು ಎನ್ನುತ್ತಾರೆ. ದೂರುದಾರರು ಇದನ್ನು ಮೂರೇ ಸಾಲಿನಲ್ಲಿ, ಆರೋಪದ ದನಿಯಿಲ್ಲದೆ ಗಮನಕ್ಕೆ ತಂದರು.

301ನೇ ದಿನ ಅಟಾರ್ನಿ ಜನರಲ್ ಕಚೇರಿ ಪತ್ರವನ್ನು ಸಾಲಿಸಿಟರ್ ಜನರಲ್‌ಗೆ ಕಳಿಸಿತು. ಅವರು ಆ ಪ್ರಕರಣದಲ್ಲಿ ಹಾಜರಾಗಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಪತ್ರ ಬಂದಾಗಲೇ ಹೀಗಾಗಬೇಕಿತ್ತು. ಆದರೆ ಮೂರು ಹೇಳಿಕೆಗಳನ್ನು ಕಲಸಿದ ಪತ್ರದಲ್ಲಿ ಹಿತಾಸಕ್ತಿಯ ಪ್ರಶ್ನೆ ಮುಳುಗಿಹೋಗಿತ್ತು.

336ನೇ ದಿನ ಎರಡು ಪುಟಗಳ ಸಮ್ಮತಿ ಬಂತು. ಆ ಒಂದು ವಾಕ್ಯಕ್ಕೆ ಮಾತ್ರ. ತೀರ್ಪಿನ ಟೀಕೆಗೆ ಈ ಸಮ್ಮತಿ ಅನ್ವಯಿಸುವುದಿಲ್ಲ ಎಂದೂ ಬರೆದಿತ್ತು.

ಕೋರ್ಟಿನಲ್ಲಿ

349ನೇ ದಿನ ಅರ್ಜಿ ಸಲ್ಲಿಕೆಯಾಯಿತು, ಉಳಿದದ್ದು 16 ದಿನ. ಸುಪ್ರೀಂ ಕೋರ್ಟಿನ 1975ರ ನಿಂದನೆ ನಿಯಮಗಳಂತೆ ಅಫಿಡವಿಟ್ ಬೇಕು, ಕೋರ್ಟ್ ಶುಲ್ಕ ಇಲ್ಲ. ಅದೇ ವಿಷಯದ ಮೇಲೆ ಹಿಂದೆ ಅರ್ಜಿ ಹಾಕಿದ್ದರೆ ಅದರ ವಿವರ ಕೊಡಬೇಕು. ವಾಪಸ್ ಪಡೆದ ಅರ್ಜಿಯನ್ನೂ ಮೊದಲ ನಿರಾಕರಣೆಯನ್ನೂ ದೂರುದಾರರು ಲಗತ್ತಿಸಿದರು. ಪೀಠ ಪ್ರಾಥಮಿಕ ವಿಚಾರಣೆಯಲ್ಲಿ ಮೊದಲು ಕೇಳಿದ್ದೇ ಅದನ್ನು. ಮುಚ್ಚಿಟ್ಟಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು.

ನೋಟಿಸ್ ಹೋಯಿತು. ಭಾಷಣಕಾರರು ಮೊದಲು ಸೆಕ್ಷನ್ 13(ಬಿ)ಯನ್ನು ಹಿಡಿದರು. 2006ರ ತಿದ್ದುಪಡಿಯಿಂದ ಬಂದ ಈ ಸೌಲಭ್ಯದಂತೆ, ಸಾರ್ವಜನಿಕ ಹಿತಕ್ಕಾಗಿ ಸದ್ಭಾವನೆಯಿಂದ ಹೇಳಿದ ಸತ್ಯವನ್ನು ಕೋರ್ಟು ಸಮರ್ಥನೆಯಾಗಿ ಒಪ್ಪಬಹುದು. ಯಾವ ಕೇಸು, ಯಾರಿಂದ, ಎಷ್ಟು ಎಂದು ಪೀಠ ಕೇಳಿದಾಗ ಉತ್ತರ ಇರಲಿಲ್ಲ. ಮುಂದಿನ ದಿನಾಂಕಕ್ಕೆ ಬೇಷರತ್ ಕ್ಷಮಾಪಣೆಯ ಅಫಿಡವಿಟ್ ಬಂತು.

ದೂರುದಾರರಿಗೆ ಶಿಕ್ಷೆ ಬೇಕಿತ್ತು. ಸೆಕ್ಷನ್ 12ರಂತೆ ಗರಿಷ್ಠ ಆರು ತಿಂಗಳ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನಿಂದನೆ ಪ್ರಕರಣ ಕೋರ್ಟು ಮತ್ತು ಆರೋಪಿಯ ನಡುವಿನದು. ದೂರುದಾರರು ಮಾಹಿತಿ ತಂದವರು ಮಾತ್ರ. ಸಮ್ಮತಿ ಕೊಟ್ಟ ಸಾಲಿಸಿಟರ್ ಜನರಲ್ ಅವರೇ ಕ್ಷಮಾಪಣೆಯನ್ನು ಒಪ್ಪಬಹುದು ಎಂದಾಗ ದೂರುದಾರರಿಗೆ ಆಘಾತವಾಯಿತು. ಆಗಬೇಕಿರಲಿಲ್ಲ. ವಿಚಾರಣೆಗೆ ಯೋಗ್ಯ ಎನ್ನುವುದು ಬೇರೆ, ಶಿಕ್ಷೆಗೆ ಯೋಗ್ಯ ಎನ್ನುವುದು ಬೇರೆ. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಟ್ವೀಟುಗಳ ಪ್ರಕರಣದಲ್ಲಿ ಕೋರ್ಟು ತಪ್ಪಿತಸ್ಥರೆಂದು ತೀರ್ಪಿತ್ತ ಮೇಲೂ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಶಿಕ್ಷೆ ಬೇಡ ಎಂದು ಕೇಳಿಕೊಂಡಿದ್ದರು, ಕೊನೆಗೆ ವಿಧಿಸಿದ್ದು 1 ರೂಪಾಯಿ ದಂಡ. ಇಲ್ಲಿ ಅದೂ ಇಲ್ಲ. ನಾಲ್ಕನೇ ವಿಚಾರಣೆಯಲ್ಲಿ ಕ್ಷಮಾಪಣೆಯನ್ನು ದಾಖಲಿಸಿಕೊಂಡು ಪ್ರಕರಣ ಮುಗಿಸಿದರು.

ಇದರಿಂದ ಏನು ತಿಳಿಯುತ್ತದೆ

ಸಮಯದ ಲೆಕ್ಕವನ್ನು ಮೊದಲು ನೋಡಬೇಕು. 349 ದಿನಗಳಲ್ಲಿ ಸರಿಯಾದ ಕಚೇರಿಯಲ್ಲಿ ಸರಿಯಾದ ಪತ್ರ ಇದ್ದದ್ದು 53 ದಿನ. ಉಳಿದದ್ದೆಲ್ಲ ತಪ್ಪು ಬಾಗಿಲು, ತಪ್ಪು ಕಾಗದ. ಸಮ್ಮತಿಗೆ ಇಷ್ಟೇ ದಿನದೊಳಗೆ ಉತ್ತರಿಸಬೇಕೆಂಬ ಕಟ್ಟಳೆ ಕಾಯ್ದೆಯಲ್ಲಿಲ್ಲ, ಆದ್ದರಿಂದ ಆರು ತಿಂಗಳಾದರೂ ಕೈಯಲ್ಲಿಟ್ಟುಕೊಂಡು ಬರೆಯುವುದು ಒಳ್ಳೆಯದು. ಒಂದಕ್ಕಿಂತ ಹೆಚ್ಚು ಹೇಳಿಕೆ ಇದ್ದರೆ ಅತಿ ಗಟ್ಟಿಯಾದದ್ದೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕು. ದುರ್ಬಲ ಹೇಳಿಕೆ ಗಟ್ಟಿಯಾದದ್ದನ್ನೂ ಕೆಳಗೆಳೆಯುತ್ತದೆ ಎಂಬುದಕ್ಕೆ ಆ 61 ಪುಟಗಳೇ ಸಾಕ್ಷಿ.

ಅಟಾರ್ನಿ ಜನರಲ್ ಕಡೆಯಿಂದ ನೋಡಿದರೆ ಇಲ್ಲಿ ಚೆನ್ನಾಗಿ ನಡೆದದ್ದು ಪತ್ರವನ್ನು ದಾಟಿಸಿದ್ದು. ಹುದ್ದೆಯ ಎರಡು ಮುಖಗಳು ಎದುರುಬದುರಾದಾಗ ಸುಮ್ಮನೆ ನಿರಾಕರಿಸಿ ಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ.

ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್ ಇಬ್ಬರೂ ಹಿಂದೆ ಸರಿದರೆ? ಅಂಥ ಸಂದರ್ಭ ಬಂದದ್ದುಂಟು. 1987ರಲ್ಲಿ ಕೇಂದ್ರ ಕಾನೂನು ಸಚಿವ ಪಿ. ಶಿವಶಂಕರ್ ಹೈದರಾಬಾದಿನಲ್ಲಿ ಸುಪ್ರೀಂ ಕೋರ್ಟಿನ ಬಗ್ಗೆ ಮಾಡಿದ ಭಾಷಣದ ವಿರುದ್ಧ ವಕೀಲ ಪಿ.ಎನ್. ಡೂಡಾ ಸಮ್ಮತಿ ಕೇಳಿದರು. ತಮ್ಮದೇ ಸರ್ಕಾರದ ಸಚಿವರಾದ್ದರಿಂದ ಅಟಾರ್ನಿ ಜನರಲ್‌ಗೂ ಸಾಲಿಸಿಟರ್ ಜನರಲ್‌ಗೂ ಮುಜುಗರದ ಸ್ಥಿತಿ. 1988ರಲ್ಲಿ ಕೋರ್ಟು ಆ ಭಾಷಣ ನಿಂದನೆಯಲ್ಲ ಎಂದಿತು. ಆದರೆ ಸಮ್ಮತಿ ಸಿಗದವರಿಗೆ ಒಂದು ದಾರಿಯನ್ನೂ ಹೇಳಿತು: ವಿಷಯವನ್ನು 'ಅರ್ಜಿ' ಎಂದು ಕರೆಯದೆ 'ಮಾಹಿತಿ' ಎಂದು ಸಲ್ಲಿಸಬೇಕು. ಅದು ವಿಚಾರಣೆಯ ಪಟ್ಟಿಗೆ ಹೋಗದೆ ಆಡಳಿತದ ಕಡೆಯಿಂದ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಗುತ್ತದೆ. ಕೋರ್ಟು ತಾನಾಗಿ ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂದು ಅವರು ನಿರ್ಧರಿಸುತ್ತಾರೆ. 131ನೇ ದಿನ ಸಲ್ಲಿಸಿದ ಕಾಗದಕ್ಕೆ ದೂರುದಾರರು ಆ ಹೆಸರು ಕೊಟ್ಟಿದ್ದರೆ ರಿಜಿಸ್ಟ್ರಿಯ ಆಕ್ಷೇಪಣೆ ಬರುತ್ತಿರಲಿಲ್ಲ. ಹಾಗೆಂದು ಉತ್ತರ ಬಂದೇ ಬರುತ್ತದೆ ಎಂಬ ಖಾತರಿಯೂ ಆ ದಾರಿಯಲ್ಲಿ ಇರುತ್ತಿರಲಿಲ್ಲ.